ಹುಟ್ಟು ಕಂಪನಿಯ ಕೈಯಲ್ಲಿ, ಹೊಣೆ ಅಂಬಿಗನ ತಲೆಯ ಮೇಲೆ

2022ರ ಮಾರ್ಚ್ 17ರಂದು ಬ್ರಿಟನ್ನಿನ ಪಿ ಆ್ಯಂಡ್ ಓ ಫೆರೀಸ್ ಕಂಪನಿ ತನ್ನ ಹಡಗುಗಳನ್ನೆಲ್ಲ ಬಂದರಿನಲ್ಲಿ ನಿಲ್ಲಿಸಿತು. ಮೊದಲೇ ಚಿತ್ರೀಕರಿಸಿಟ್ಟಿದ್ದ ಕೆಲವೇ ನಿಮಿಷಗಳ ವಿಡಿಯೊ ಒಂದರಲ್ಲಿ 786 ಮಂದಿ ನಾವಿಕರಿಗೆ ಅದು ಅವರ ಕೊನೆಯ ದಿನವೆಂದು ತಿಳಿಸಲಾಯಿತು. ಅವರನ್ನು ಇಳಿಸಲು ಖಾಸಗಿ ಭದ್ರತಾ ಕಾವಲುಗಾರರು ಹಡಗುಕಟ್ಟೆಗೆ ಬಂದಿದ್ದರು. ಅವರ ಜಾಗಕ್ಕೆ ಬರಬೇಕಾದ ಏಜೆನ್ಸಿ ಸಿಬ್ಬಂದಿಯೂ ಸಿದ್ಧರಿದ್ದರು. ಕೆಲಸ ಕಳೆದುಕೊಂಡವರಲ್ಲಿ ಅಡುಗೆಯವರು, ಡೆಕ್ಕಿನ ಕೆಲಸಗಾರರು, ಎಂಜಿನಿಯರುಗಳು ಇದ್ದಂತೆ ಕ್ಯಾಪ್ಟನ್ನರೂ ಇದ್ದರು. ಹಲ್ ಬಂದರಿನಲ್ಲಿದ್ದ ‘ಪ್ರೈಡ್ ಆಫ್ ಹಲ್’ ಹಡಗಿನ ಕ್ಯಾಪ್ಟನ್ ಏಣಿಯನ್ನು ಮೇಲೆತ್ತಿಸಿ, ಕಾವಲುಗಾರರನ್ನು ಗಂಟೆಗಟ್ಟಲೆ ಒಳಗೆ ಬಿಡಲಿಲ್ಲ. ಕಡಲ ಕಾನೂನಿನಲ್ಲಿ ಹಡಗಿನ ಸರ್ವಾಧಿಕಾರಿ ಎನಿಸಿಕೊಂಡವನ ಕೈಯಲ್ಲಿ ಆ ದಿನ ಉಳಿದಿದ್ದ ಅಧಿಕಾರ ಒಂದು ಏಣಿಯಷ್ಟು ಮಾತ್ರ.

ಈ ಪ್ರಕರಣವನ್ನು ಪತ್ರಿಕೆಗಳು ಉದ್ಯೋಗ ವ್ಯಾಜ್ಯವೆಂದೇ ಬರೆದವು. ಪರಿಹಾರ ಎಷ್ಟು, ನೋಟಿಸ್ ಅವಧಿ ಎಷ್ಟು ಎಂಬ ಲೆಕ್ಕದಲ್ಲೇ ಚರ್ಚೆ ಮುಗಿಯಿತು. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದು: ಒಂದು ಕಡಲದಾರಿಯಲ್ಲಿ ಹತ್ತಾರು ವರ್ಷ ದುಡಿದು ಗಳಿಸಿದ ತಿಳಿವಳಿಕೆ ಯಾರ ಆಸ್ತಿ? ಅದನ್ನು ಒಂದು ಬೆಳಿಗ್ಗೆ ಹಡಗಿನಿಂದ ಕೆಳಗಿಳಿಸಿ, ಮರುದಿನ ಇನ್ನೊಂದನ್ನು ಬಾಡಿಗೆಗೆ ತರಬಹುದೇ?

ಡೋವರ್ ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 33 ಕಿಲೋಮೀಟರು. ಫೆರಿ ಅದನ್ನು ಒಂದೂವರೆ ಗಂಟೆಯಲ್ಲಿ ದಾಟುತ್ತದೆ. ಕಾರನ್ನು ಕೆಳಗೆ ನಿಲ್ಲಿಸಿ, ಮೇಲೆ ಬಂದು ಕಾಫಿ ಕುಡಿಯುವ ಪ್ರಯಾಣಿಕನಿಗೆ ಇದು ಸೇತುವೆ ದಾಟಿದಷ್ಟು ಸಲೀಸು. ಆದರೆ ಈ ನೀರಿನಲ್ಲಿ ಪ್ರತಿದಿನ 400ಕ್ಕೂ ಹೆಚ್ಚು ವಾಣಿಜ್ಯ ಹಡಗುಗಳು ಓಡಾಡುತ್ತವೆ. ಡಿಕ್ಕಿಗಳು ಹೆಚ್ಚಿದ ಕಾರಣಕ್ಕೆ 1967ರಲ್ಲಿ ಇಲ್ಲಿ ಹಡಗುಗಳಿಗೆ ಹೋಗುವ ಮತ್ತು ಬರುವ ಪಥಗಳನ್ನು ಪ್ರತ್ಯೇಕಿಸಲಾಯಿತು. ದೊಡ್ಡ ಹಡಗುಗಳೆಲ್ಲ ಆ ಪಥಗಳ ಉದ್ದಕ್ಕೆ ಸಾಗಿದರೆ ಫೆರಿ ಅವುಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗಬೇಕು. ಬಲಗಡೆಯಿಂದ ಬರುವ ಹಡಗಿಗೆ ದಾರಿ ಬಿಡಬೇಕು. ಮಂಜು ಮುಸುಕಿರಲಿ, ಗಾಳಿ ಹುಚ್ಚೆದ್ದಿರಲಿ, ವೇಳಾಪಟ್ಟಿ ತಪ್ಪಬಾರದು. ಡೋವರ್ ಬಂದರಿನ ಬಾಯಿಯಲ್ಲಿ ಉಬ್ಬರವಿಳಿತದ ಸೆಳೆತ ಅಡ್ಡಕ್ಕೆ ಬಡಿಯುತ್ತದೆ. ಅಪರಿಚಿತ ಹಡಗು ಅಂಥಲ್ಲಿ ಸ್ಥಳೀಯ ಪೈಲಟ್‌ನನ್ನು ಹತ್ತಿಸಿಕೊಳ್ಳುತ್ತದೆ. ಫೆರಿಯ ಕ್ಯಾಪ್ಟನ್ ಆ ಬಂದರನ್ನು ಬಲ್ಲೆನೆಂದು ಪರೀಕ್ಷೆಯಲ್ಲಿ ತೋರಿಸಿ ವಿನಾಯಿತಿ ಪತ್ರ ಪಡೆದಿರುತ್ತಾನೆ; ಅಂದರೆ ಅವನೇ ಕ್ಯಾಪ್ಟನ್, ಅವನೇ ಪೈಲಟ್.

ಈ ಮಟ್ಟಕ್ಕೆ ಏರುವ ಮೆಟ್ಟಿಲುಗಳು ಉದ್ದವಾದವು. ಕೆಡೆಟ್, ಥರ್ಡ್ ಆಫೀಸರ್, ಸೆಕೆಂಡ್ ಆಫೀಸರ್, ಚೀಫ್ ಆಫೀಸರ್. ಪ್ರತಿ ಮೆಟ್ಟಿಲಿಗೂ ಕಡಲಿನಲ್ಲಿ ಕಳೆದ ತಿಂಗಳುಗಳ ಲೆಕ್ಕ, ಪರೀಕ್ಷೆ, ಪ್ರಮಾಣಪತ್ರ. ಕ್ಯಾಪ್ಟನ್ನನ ತೋಳಿಗೆ ನಾಲ್ಕು ಪಟ್ಟಿ ಬರುವಷ್ಟರಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸರಿದಿರುತ್ತದೆ. ದೂರದ ಸಾಗರಗಳಲ್ಲಿ ದುಡಿಯುವ ನಾವಿಕ ತಿಂಗಳುಗಟ್ಟಲೆ ಮನೆಯ ಮುಖ ಕಾಣುವುದಿಲ್ಲ. ಫೆರಿಯ ಉದ್ಯೋಗ ಅದಕ್ಕೆ ಅಪವಾದವಾಗಿತ್ತು. ಕೆಲ ದಿನ ಹಡಗಿನಲ್ಲಿ, ಅಷ್ಟೇ ದಿನ ಮನೆಯಲ್ಲಿ ಎಂಬ ಸರದಿಯನ್ನು ಕಾರ್ಮಿಕ ಸಂಘಗಳು ಹೋರಾಡಿ ಪಡೆದಿದ್ದವು. ಆ ಸರದಿಯಿಂದಾಗಿಯೇ ಒಬ್ಬ ಮನುಷ್ಯ ಇಪ್ಪತ್ತು, ಮೂವತ್ತು ವರ್ಷ ಒಂದೇ ದಾರಿಯಲ್ಲಿ ಉಳಿಯುವುದು ಸಾಧ್ಯವಾಯಿತು. ಪ್ರಯಾಣಿಕರ ಸುರಕ್ಷತೆ ನಿಂತಿದ್ದುದು ಈ ಉಳಿಯುವಿಕೆಯ ಮೇಲೆ. ಕಂಪನಿಯ ಲೆಕ್ಕಪತ್ರದಲ್ಲಿ ಮಾತ್ರ ಇದಕ್ಕೊಂದು ಕಾಲಂ ಇರಲಿಲ್ಲ.

ಲೆಕ್ಕಪತ್ರದಲ್ಲಿ ಇಲ್ಲದ್ದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕಡಲಿನಲ್ಲಿ ಉತ್ತರವಿದೆ. 1987ರ ಮಾರ್ಚ್ 6ರ ಸಂಜೆ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರಿ ಬೆಲ್ಜಿಯಮ್‌ನ ಝೇಬ್ರುಗ್ಗೆ ಬಂದರಿನಿಂದ ಡೋವರ್‌ಗೆ ಹೊರಟಿತು. ವಾಹನಗಳನ್ನು ತುಂಬಿಸುವ ಮೂತಿಯ ಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚಬೇಕಾದ ಸಹಾಯಕ ಬೋಸನ್ ತನ್ನ ಕೋಣೆಯಲ್ಲಿ ನಿದ್ದೆಹೋಗಿದ್ದ. ಬಾಗಿಲು ಮುಚ್ಚಿದೆಯೇ ಇಲ್ಲವೇ ಎಂದು ಕ್ಯಾಪ್ಟನ್ ನಿಂತ ಜಾಗದಿಂದ ಕಾಣುತ್ತಿರಲಿಲ್ಲ. ಬಂದರು ದಾಟಿದ ಕೆಲವೇ ನಿಮಿಷಗಳಲ್ಲಿ ಹಡಗು ಮಗುಚಿತು. 193 ಜನ ಸತ್ತರು.

ಸಾವಿಗಿಂತ ಮೊದಲಿನ ಕಡತಗಳು ಸಾವಿನಷ್ಟೇ ಘೋರವಾಗಿದ್ದವು. ಬಾಗಿಲು ತೆರೆದಿದ್ದರೆ ಎಚ್ಚರಿಸುವ ದೀಪವೊಂದನ್ನು ಅಳವಡಿಸಿರೆಂದು ಇದೇ ಕಂಪನಿಯ ಕ್ಯಾಪ್ಟನ್ನರು ಮೊದಲೇ ಕೇಳಿದ್ದರು. ದಡದ ಕಚೇರಿಯವರು ಆ ಬೇಡಿಕೆಯನ್ನು ಲೇವಡಿ ಮಾಡಿ ಹಿಂದಿರುಗಿಸಿದ್ದರು. ಅದೇ ಹಡಗಿನ ಹಿರಿಯ ಕ್ಯಾಪ್ಟನ್ ಒಬ್ಬರು, ಮೂರು ತಿಂಗಳಿಗೂ ತುಸು ಹೆಚ್ಚಿನ ಅವಧಿಯಲ್ಲಿ 36 ಮಂದಿ ಡೆಕ್ ಅಧಿಕಾರಿಗಳು ಹಡಗಿಗೆ ಬಂದುಹೋದರೆಂದೂ, ಸ್ಥಿರ ಸಿಬ್ಬಂದಿ ಬೇಕೆಂದೂ ಬರೆದಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಶೀನ್, ತಪ್ಪಿನ ಬೇರು ಕಂಪನಿಯ ಆಡಳಿತದ ಮೇಲ್ತುದಿಯವರೆಗೆ ಹಬ್ಬಿದೆ ಎಂದು ನಿಚ್ಚಳವಾಗಿ ಹೇಳಿದರು. ಆದರೂ ಪ್ರಮಾಣಪತ್ರ ಅಮಾನತಾದದ್ದು ಆ ದಿನದ ಕ್ಯಾಪ್ಟನ್ನನದು ಒಂದು ವರ್ಷ, ಚೀಫ್ ಆಫೀಸರನದು ಎರಡು ವರ್ಷ. ಕಂಪನಿಯ ಮೇಲಿನ ನರಹತ್ಯೆಯ ಮೊಕದ್ದಮೆ 1990ರಲ್ಲಿ ಕುಸಿದುಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಅಚ್ಚುಕಟ್ಟಾದ ನ್ಯಾಯಾಂಗ ನಿದರ್ಶನ ಸಿಗಲಾರದು.

ಆ ಹಡಗಿನ ಮಾಲೀಕ ಸಂಸ್ಥೆಯನ್ನು ದುರಂತಕ್ಕೆ ಸ್ವಲ್ಪ ಮೊದಲಷ್ಟೇ ಕೊಂಡಿದ್ದುದು ಪಿ ಆ್ಯಂಡ್ ಓ. ಮರುವರ್ಷ, ಅಂದರೆ 1988ರಲ್ಲಿ, ಸಿಬ್ಬಂದಿ ಕಡಿತ ಮತ್ತು ದೀರ್ಘ ಪಾಳಿಗಳ ವಿರುದ್ಧ ಡೋವರ್‌ನ ನಾವಿಕರು ಮುಷ್ಕರ ಹೂಡಿದಾಗ ಅದು ಮುಷ್ಕರನಿರತರನ್ನು ವಜಾ ಮಾಡಿತು. 2022ರ ವಿಡಿಯೊ ದಿಢೀರನೆ ಆಕಾಶದಿಂದ ಉದುರಿದ್ದಲ್ಲ.

ಆ ವಿಡಿಯೊ ಪ್ರಸಾರವಾದ ಒಂದು ವಾರದ ನಂತರ ಕಂಪನಿಯ ಮುಖ್ಯಸ್ಥ ಪೀಟರ್ ಹೆಬಲ್‌ತ್‌ವೇಟ್ ಸಂಸದೀಯ ಸಮಿತಿಯ ಮುಂದೆ ಕುಳಿತರು. ಕಾರ್ಮಿಕ ಸಂಘಗಳೊಡನೆ ಸಮಾಲೋಚಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿತ್ತೆಂದೂ, ತಾವು ಬೇಕೆಂದೇ ಹಾಗೆ ಮಾಡಲಿಲ್ಲವೆಂದೂ ಒಪ್ಪಿಕೊಂಡರು. ಹೊಸ ಏಜೆನ್ಸಿ ಸಿಬ್ಬಂದಿಯ ಸರಾಸರಿ ಕೂಲಿ ಗಂಟೆಗೆ 5.50 ಪೌಂಡ್ ಎಂದೂ ತಿಳಿಸಿದರು. ಆಗ ಬ್ರಿಟನ್ ನೆಲದ ಮೇಲಿನ ಕನಿಷ್ಠ ವೇತನ 8.91 ಪೌಂಡ್. ಡೋವರ್ ಹಡಗುಗಳು ಸೈಪ್ರಸ್‌ನ ಧ್ವಜ ಹೊತ್ತಿದ್ದರಿಂದ ಆ ವೇತನದ ಕಾನೂನು ಅವುಗಳಿಗೆ ತಾಗುತ್ತಿರಲಿಲ್ಲ. ಡೋವರ್‌ನ ಬಿಳಿ ಸುಣ್ಣಕಲ್ಲಿನ ಬಂಡೆಗಳು ಕಣ್ಣೆದುರೇ ಇವೆ, ಹಡಗಿನೊಳಗೆ ಮಾತ್ರ ಬೇರೊಂದು ದೇಶ! ಅಪರಾಧವನ್ನು ಒಪ್ಪಿಕೊಂಡವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದಿಲ್ಲವೆಂದು ಅದೇ ಆಗಸ್ಟ್‌ನಲ್ಲಿ ತೀರ್ಮಾನವಾಯಿತು. 2024ರಲ್ಲಿ ಅದೇ ಅಧಿಕಾರಿ ಸಂಸದೀಯ ಸಮಿತಿಯೊಂದರ ಮುಂದೆ ಮತ್ತೆ ಬಂದಾಗ, ಅವರ ಒಂದು ವರ್ಷದ ಸಂಬಳ ಮತ್ತು ಬೋನಸ್ ಸೇರಿ ಸುಮಾರು 5,08,000 ಪೌಂಡ್ ಎಂಬುದು ಬಯಲಾಯಿತು. ಗಂಟೆಗೆ 4.87 ಪೌಂಡ್‌ನಲ್ಲಿ ತಾವು ಬದುಕಬಲ್ಲಿರಾ ಎಂಬ ಪ್ರಶ್ನೆಗೆ ಅವರ ಉತ್ತರ, ಇಲ್ಲ ಎಂದಾಗಿತ್ತು.

ಕ್ಯಾಪ್ಟನ್ನರ ಸಂಬಳ ಆ ಸರಾಸರಿಗಿಂತ ಹೆಚ್ಚೇ ಇರುತ್ತದೆ, ನಿಜ. ಆದರೆ ಕ್ಯಾಪ್ಟನ್ ಒಬ್ಬನೇ ಹಡಗು ನಡೆಸುವುದಿಲ್ಲ. 17 ವಾರಗಳವರೆಗೆ ಬಿಡುವಿಲ್ಲದೆ ದುಡಿಯಬಹುದಾದ ಒಪ್ಪಂದದ ಮೇಲೆ ಬಂದ, ಹಡಗಿನ ಪರಿಚಯವೇ ಇಲ್ಲದ ಸಿಬ್ಬಂದಿಯನ್ನು ನಂಬಿ ಅವನು ಅದೇ ದಟ್ಟಣೆಯನ್ನು ದಾಟಬೇಕು. ವಜಾ ಮಾಡಿದ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ಕಡಲ ಸುರಕ್ಷತಾ ಸಂಸ್ಥೆ ‘ಯೂರೋಪಿಯನ್ ಕಾಸ್‌ವೇ’ ಹಡಗನ್ನು ಲಾರ್ನ್ ಬಂದರಿನಲ್ಲಿ ತಡೆಹಿಡಿಯಿತು. ಕೊಟ್ಟ ಕಾರಣಗಳು: ಸಿಬ್ಬಂದಿಗೆ ಹಡಗಿನ ಪರಿಚಯವಿಲ್ಲ, ದಾಖಲೆಗಳು ಸರಿಯಿಲ್ಲ, ತರಬೇತಿ ಸಾಲದು. ಆಮೇಲೆ ಡೋವರ್‌ನ ‘ಪ್ರೈಡ್ ಆಫ್ ಕೆಂಟ್’, ‘ಸ್ಪಿರಿಟ್ ಆಫ್ ಬ್ರಿಟನ್’ ಕೂಡ ತಪಾಸಣೆಯಲ್ಲಿ ಸೋತವು. ಮತ್ತೆ ಸೇವೆಗೆ ಇಳಿದ ‘ಯೂರೋಪಿಯನ್ ಕಾಸ್‌ವೇ’ ಏಪ್ರಿಲ್ 26ರಂದು ಐರಿಷ್ ಸಮುದ್ರದಲ್ಲಿ ವಿದ್ಯುತ್ ಕಳೆದುಕೊಂಡು ತೇಲಿತು. ಅನುಭವವೆಂಬುದು ಕಾಗದದ ಮೇಲಿನ ಅಲಂಕಾರವಲ್ಲ ಎಂದು ಸರ್ಕಾರದ ತಪಾಸಣಾಧಿಕಾರಿಗಳೇ ಬರೆದುಕೊಟ್ಟಂತಾಯಿತು.

ಕಂಪನಿಗೂ ತನ್ನದೇ ಆದ ವಾದವಿತ್ತು. ವರ್ಷಕ್ಕೆ 10 ಕೋಟಿ ಪೌಂಡ್ ನಷ್ಟ, ಪೈಪೋಟಿ ವಿಪರೀತ, ಈ ಹೆಜ್ಜೆ ಇಡದಿದ್ದರೆ ಉಳಿದ ಸಾವಿರಾರು ಉದ್ಯೋಗಗಳೂ ಮುಳುಗುತ್ತಿದ್ದವು ಎಂಬುದು ಅದರ ಸಮರ್ಥನೆ. ನಷ್ಟ ಸುಳ್ಳಿರಲಾರದು, ಕೋವಿಡ್ ಫೆರಿಗಳನ್ನು ಖಾಲಿ ಮಾಡಿತ್ತು. ಆದರೆ ಇದರ ಒಡೆಯ ದುಬೈನ ಡಿಪಿ ವರ್ಲ್ಡ್, ಜಗತ್ತಿನ ಬಲಾಢ್ಯ ಬಂದರು ಸಂಸ್ಥೆಗಳಲ್ಲೊಂದು. ಇನ್ನು ಪೈಪೋಟಿಯ ಮಾತು. 2021ರಲ್ಲಿ ಡೋವರ್–ಕ್ಯಾಲೆ ದಾರಿಗೆ ಇಳಿದ ಐರಿಷ್ ಫೆರೀಸ್, 2005ರಲ್ಲೇ ತನ್ನ 543 ನಾವಿಕರ ಜಾಗಕ್ಕೆ ಅಗ್ಗದ ಲಾಟ್ವಿಯನ್ ಏಜೆನ್ಸಿ ಸಿಬ್ಬಂದಿಯನ್ನು ತರಲು ಹೊರಟಿತ್ತು. ಒಬ್ಬ ಕೂಲಿ ಇಳಿಸಿದ, ಆದ್ದರಿಂದ ತಾನೂ ಇಳಿಸುತ್ತೇನೆ ಎಂಬುದು ಸಮರ್ಥನೆಯಲ್ಲ, ರೋಗದ ವಿವರಣೆ. ಅದೇ ದಾರಿಯಲ್ಲಿ ಡೆನ್ಮಾರ್ಕಿನ ಡಿಎಫ್‌ಡಿಎಸ್ ಸ್ಥಳೀಯ ಒಪ್ಪಂದಗಳ ನಾವಿಕರನ್ನಿಟ್ಟುಕೊಂಡೇ ಹಡಗು ಓಡಿಸುತ್ತಿತ್ತು. ಕಡಲು ಎಲ್ಲರಿಗೂ ಒಂದೇ, ಆಯ್ಕೆ ಬೇರೆ.

ಇನ್ನು ಅನಿವಾಸಿ ಕನ್ನಡಿಗರು ಮುಖ ತಿರುಗಿಸಲಾಗದ ಸಂಗತಿ: ಡೋವರ್‌ನ ಹಡಗುಗಳಿಗೆ ಬಂದ ಏಜೆನ್ಸಿ ನಾವಿಕರಲ್ಲಿ ಭಾರತೀಯರೂ ಇದ್ದರು. ಇದು ಹೊಸದೇನಲ್ಲ. ಇದೇ ಪಿ ಆ್ಯಂಡ್ ಓ ಹೆಸರಿನ ಹಳೆಯ ಸಾಮ್ರಾಜ್ಯಶಾಹಿ ಕಂಪನಿ ಭಾರತದ ಲಸ್ಕರ್‌ಗಳ ಬೆವರಿನ ಮೇಲೆ ಬೆಳೆದದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಸುಮಾರು 50,000 ಲಸ್ಕರ್‌ಗಳಿದ್ದರು. ಅವರಿಗೆ ಬೇರೆಯೇ ಒಪ್ಪಂದ, ಬಿಳಿಯ ನಾವಿಕನಿಗಿಂತ ತೀರಾ ಕಡಿಮೆ ಕೂಲಿ. ಅವರ ಏಣಿಯ ತುದಿ ಸಾರಂಗನ ಹುದ್ದೆ; ಕ್ಯಾಪ್ಟನ್ನನ ಪಟ್ಟಿಗಳು ಕನಸಿನಲ್ಲೂ ಇರಲಿಲ್ಲ. ಬ್ರಿಟನ್ನಿನ 1976ರ ಜನಾಂಗೀಯ ಸಮಾನತೆಯ ಕಾಯ್ದೆ ಕೂಡ ಹೊರದೇಶದಲ್ಲಿ ನೇಮಕಗೊಂಡ ನಾವಿಕರನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಇವತ್ತು ಭಾರತೀಯರು ಜಗತ್ತಿನ ಹಡಗುಗಳಲ್ಲಿ ಕ್ಯಾಪ್ಟನ್ನರಾಗಿದ್ದಾರೆ. ಮಂಗಳೂರು, ಉಡುಪಿ, ಕಾರವಾರದ ಮನೆಗಳಿಗೂ ಮರ್ಚೆಂಟ್ ನೇವಿ ಅಪರಿಚಿತವಲ್ಲ. ಪಟ್ಟಿಗಳು ಸಿಕ್ಕಿವೆ. ಆದರೆ ಅಗ್ಗದ ಪಾಸ್‌ಪೋರ್ಟಿಗೆ ಅಗ್ಗದ ಕೂಲಿ ಎಂಬ ಹಳೆಯ ತರ್ಕ ಕಂಪನಿ, ಏಜೆನ್ಸಿ, ಧ್ವಜಗಳ ಹೊಸ ಉಡುಪಿನಲ್ಲಿ ಜೀವಂತವಾಗಿದೆ.

ಇದಕ್ಕೆ ವಲಸಿಗರ ಓಣಿಗಳಲ್ಲಿ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಒಂದು: ‘ನಮ್ಮವರಿಗೆ ಕೆಲಸ ಸಿಕ್ಕಿತಲ್ಲ, ಬಿಡಿ.’ ಇನ್ನೊಂದು, ನೆಲೆ ಕಂಡುಕೊಂಡವರ ಉತ್ತರ: ‘ಹೊರಗಿನವರು ಬಂದು ಕೂಲಿ ಇಳಿಸಿದರು.’ ಎರಡೂ ಕಂಪನಿಗೆ ಪ್ರಿಯವಾದವು. ಮೊದಲನೆಯದು ಶೋಷಣೆಯನ್ನು ಅವಕಾಶವೆನ್ನುತ್ತದೆ; ಎರಡನೆಯದು ಕೂಲಿ ನಿಗದಿಪಡಿಸಿದವನನ್ನು ಬಿಟ್ಟು ಕೂಲಿ ಪಡೆದವನನ್ನು ಕಳ್ಳನೆನ್ನುತ್ತದೆ. 2014–15ರಲ್ಲಿ ಅಮೆರಿಕದ ಡಿಸ್ನಿಯ ಒರ್ಲ್ಯಾಂಡೊ ಕಚೇರಿಯಲ್ಲಿ ತಂತ್ರಜ್ಞರು ತಮ್ಮ ಜಾಗಕ್ಕೆ ಬಂದ, ಬಹುಮಟ್ಟಿಗೆ ಭಾರತೀಯರೇ ಆದ ಹೆಚ್-1ಬಿ ನೌಕರರಿಗೆ ಕೆಲಸ ಕಲಿಸಿಕೊಟ್ಟು ಹೊರನಡೆದರು. ಆ ಕೋಣೆಯ ಎರಡೂ ಬದಿಗಳಲ್ಲಿ ಕೂತು ಬಲ್ಲವರು ಅನಿವಾಸಿ ಕನ್ನಡಿಗರಲ್ಲಿ ಇದ್ದಾರೆ. ಬೆಂಚು, ಬಿಲ್ಲಿಂಗ್, ವೀಸಾ ಅವಧಿ ಎಂಬ ಮಾತುಗಳ ಅರ್ಥ ಗೊತ್ತಿರುವವರಿಗೆ ಏಜೆನ್ಸಿ ಕ್ಯಾಪ್ಟನ್ನನ ಸ್ಥಿತಿಯನ್ನು ವಿವರಿಸಬೇಕಿಲ್ಲ. ಕೆಟ್ಟ ಗಾಳಿಯಲ್ಲಿ ಹೊರಡುವುದಿಲ್ಲ ಎನ್ನುವುದು ಕ್ಯಾಪ್ಟನ್ನನ ಹಕ್ಕು ಮಾತ್ರವಲ್ಲ, ಕರ್ತವ್ಯ. ಮುಂದಿನ ಒಪ್ಪಂದ ಬರುತ್ತದೋ ಇಲ್ಲವೋ ಎಂದು ಕಾಯುವವನ ನಾಲಿಗೆಯ ಮೇಲೆ ಆ ‘ಇಲ್ಲ’ ಎಷ್ಟು ಗಟ್ಟಿಯಾಗಿ ನಿಂತೀತು?

ಸೆವೋಲ್ ಫೆರಿ 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದಲ್ಲಿ ಮುಳುಗಿ 304 ಜನ ಸತ್ತರು. ಪ್ರಯಾಣಿಕರನ್ನು ಬಿಟ್ಟು ಓಡಿದ ಕ್ಯಾಪ್ಟನ್‌ಗೆ ಜೀವಾವಧಿ ಶಿಕ್ಷೆಯಾಯಿತು, ಆಗಬೇಕಾದದ್ದೇ. ಆದರೆ ಅವನು ಗುತ್ತಿಗೆಯ ನೌಕರನಾಗಿದ್ದ, ಹಡಗಿಗೆ ಮಿತಿಮೀರಿ ಸರಕು ತುಂಬಲಾಗಿತ್ತು ಎಂಬುದು ಆ ತೀರ್ಪಿನಷ್ಟು ಸುದ್ದಿಯಾಗಲಿಲ್ಲ. ತಲೆದಂಡ ಸಿಕ್ಕಿದ ಮೇಲೆ ತಿಜೋರಿಯ ಕಡೆ ನೋಡುವವರು ಕಡಿಮೆ.

ಬ್ರಿಟನ್ 2023ರಲ್ಲಿ ತಂದ ನಾವಿಕರ ವೇತನ ಕಾಯ್ದೆ, ವರ್ಷಕ್ಕೆ ಕನಿಷ್ಠ 120 ಬಾರಿ ತನ್ನ ಬಂದರುಗಳಿಗೆ ಬರುವ ಹಡಗುಗಳಲ್ಲಿ, ಬ್ರಿಟಿಷ್ ನೀರಿನಲ್ಲಿ ದುಡಿದ ಹೊತ್ತಿಗೆ ಕನಿಷ್ಠ ವೇತನ ಕೊಡಬೇಕೆಂದಿತು. 2024ರ ಡಿಸೆಂಬರ್‌ನಲ್ಲಿ ಜಾರಿಗೂ ಬಂತು. ಫ್ರಾನ್ಸ್ ತನ್ನದೇ ಕಾನೂನು ಮಾಡಿತು. ಇವು ಗೆಲುವುಗಳೇ, ಆದರೆ ಅರ್ಧ ಗೆಲುವುಗಳು. 2024ರ ಅಕ್ಟೋಬರ್‌ನಲ್ಲಿ ಸಾರಿಗೆ ಸಚಿವೆ ಪಿ ಆ್ಯಂಡ್ ಓ ಕಂಪನಿಯನ್ನು ಪುಂಡ ಸಂಸ್ಥೆ ಎಂದಾಗ, ಲಂಡನ್ ಗೇಟ್‌ವೇ ಬಂದರಿನಲ್ಲಿ 100 ಕೋಟಿ ಪೌಂಡ್ ಹೂಡುವ ಮಾತು ಅಲುಗಾಡಿತು. ಪ್ರಧಾನಿಯೇ ಸಚಿವೆಯ ಮಾತಿನಿಂದ ದೂರ ಸರಿದರು. ಬಂಡವಾಳ ಕೆಮ್ಮಿದರೆ ಸರ್ಕಾರ ಹಾಸಿಗೆ ಹಿಡಿಯುತ್ತದೆ.

ಕೇಳಬೇಕಾದದ್ದು ಇಷ್ಟು: ಒಂದು ದಾರಿಗೆ ಒಂದೇ ಕೂಲಿ, ಪಾಸ್‌ಪೋರ್ಟ್ ಯಾವುದೇ ಇರಲಿ. ಪೂರ್ತಿ ಪ್ರಯಾಣಕ್ಕೂ ಅದೇ ಕೂಲಿ, ಅರ್ಧ ಸಮುದ್ರಕ್ಕಲ್ಲ. ದಿನಕ್ಕೆ ಹಲವು ಬಾರಿ ಜಲಸಂಧಿ ದಾಟುವವರಿಗೆ ವಾರಗಳ ಲೆಕ್ಕದ ಸರದಿ, ತಿಂಗಳುಗಳದ್ದಲ್ಲ. ಆ ದಾರಿಯಲ್ಲಿ ಕಳೆದ ವರ್ಷಗಳಿಗೆ ಕಾನೂನಿನ ಮಾನ್ಯತೆ. ‘ಇಲ್ಲ’ ಎಂದ ಕ್ಯಾಪ್ಟನ್ನನಿಗೆ ಮುಂದಿನ ಒಪ್ಪಂದದ ಖಾತರಿ. ಹಡಗಿನ ತಪ್ಪಿಗೆ ದಡದ ಕಚೇರಿಗೂ ಶಿಕ್ಷೆ. ಐರಿಷ್ ಫೆರೀಸ್ ಪ್ರಕರಣದಲ್ಲಿ ಐರ್ಲೆಂಡಿನ ಕಾರ್ಮಿಕರು ಬೀದಿಗಿಳಿದಾಗ ಲಾಟ್ವಿಯನ್ನರಿಗೂ ಐರ್ಲೆಂಡಿನ ಕನಿಷ್ಠ ವೇತನ ಕೊಡಿಸಿದರು. ಹೊರಗಿನವನನ್ನು ಓಡಿಸುವುದಕ್ಕಿಂತ ಅವನ ಕೂಲಿಯನ್ನು ಏರಿಸುವುದೇ ಒಳಗಿನವನ ರಕ್ಷಣೆ ಎಂಬುದನ್ನು ಆ ಒಪ್ಪಂದ ತೋರಿಸಿತ್ತು.

ಕನ್ನಡದ ವಚನ ಪರಂಪರೆ ಅಂಬಿಗರ ಚೌಡಯ್ಯನನ್ನು ಶರಣರ ಸಾಲಿನಲ್ಲಿ ಕೂರಿಸಿತು. ಹುಟ್ಟು ಹಾಕುವವನೇ ದೊಡ್ಡವರ ಮುಖಕ್ಕೆ ನೇರ ಮಾತಾಡಬಲ್ಲವನೆಂದು ಆ ಪರಂಪರೆಗೆ ಗೊತ್ತಿತ್ತು. ಅದರ ವಾರಸುದಾರರೆಂದು ಹೇಳಿಕೊಳ್ಳುವವರು ಕ್ಯಾಲೆಗೆ ಅಗ್ಗದ ಟಿಕೆಟ್ ಕಾದಿರಿಸುವಾಗ, ಆ ಅಗ್ಗದ ಉಳಿದ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ಕೇಳಲೇಬೇಕು.