ಮುಳುಗಿದ ಊರಿಗೆ ನೀರಿನ ರೈಲು

2015ರ ಡಿಸೆಂಬರ್ 1. ಚೆನ್ನೈನ ದಕ್ಷಿಣ ಅಂಚಿನಲ್ಲಿರುವ ತಾಂಬರಂನಲ್ಲಿ ಆ ಒಂದು ದಿನದ ಲೆಕ್ಕಕ್ಕೆ ಸುಮಾರು 490 ಮಿಲಿಮೀಟರ್ ಮಳೆ ಸುರಿಯಿತು. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಯ ಅರ್ಧದಷ್ಟು! ಅಡೆಯಾರು ನದಿ ದಂಡೆ ಮೀರಿ ಬಡಾವಣೆಗಳಿಗೆ ನುಗ್ಗಿತು. ವಿಮಾನ ನಿಲ್ದಾಣದ ರನ್‌ವೇ ಕೆರೆಯಂತಾಗಿ ಹಲವು ದಿನ ವಿಮಾನಗಳು ಹಾರಲಿಲ್ಲ. 1878ರಲ್ಲಿ ಆರಂಭವಾದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ ಮರುದಿನ ಹೊರಬರಲೇ ಇಲ್ಲ. ಸಿಬ್ಬಂದಿ ಮುದ್ರಣಾಲಯ ತಲುಪಲು ದಾರಿಯೇ ಇರಲಿಲ್ಲ.

ಆಮೇಲೆ ನಾಲ್ಕು ವರ್ಷವೂ ತುಂಬಿರಲಿಲ್ಲ. 2019ರ ಜೂನ್ ಹೊತ್ತಿಗೆ ಆ ಊರಿಗೆ ನೀರುಣಿಸುವ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬತ್ತಿ ತಳ ಕಂಡಿದ್ದವು. ಕೊಡಗಳ ಸಾಲು ಬೀದಿ ದಾಟಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಹೋದವರಿಗೆಲ್ಲ ಪರಿಚಿತವಾದ ಜೋಲಾರಪೇಟೆಯಿಂದ ಜುಲೈ 12ರಂದು 50 ವ್ಯಾಗನ್‌ಗಳ ರೈಲೊಂದು ಹೊರಟು ಬಂತು. ಅದರಲ್ಲಿ ಪ್ರಯಾಣಿಕರಿರಲಿಲ್ಲ. 25 ಲಕ್ಷ ಲೀಟರ್ ಕಾವೇರಿ ನೀರಿತ್ತು.

ಮುಳುಗಿದ ಊರೇ ಬಾಯಾರಿದ್ದು ಹೇಗೆ? ಇದಕ್ಕೆ ಅರ್ಧ ಉತ್ತರ ಮೇಲಿನ ಗಾಳಿಯಲ್ಲಿದೆ. ಉಳಿದರ್ಧ ಕಾಲಡಿಯ ನೆಲದಲ್ಲಿದೆ.

ತಡವಾಗಿ ಬರುವ ಮಳೆ

ಜೂನ್ ತಿಂಗಳಲ್ಲಿ ಮಂಗಳೂರಿನ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೋಗುವಾಗ ಚೆನ್ನೈನ ಮಕ್ಕಳು ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ನೈರುತ್ಯ ಮಾರುತ ಅರಬ್ಬಿ ಸಮುದ್ರದಿಂದ ಹೊತ್ತು ತಂದ ತೇವವನ್ನು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಇಳಿಸಿಬಿಡುತ್ತದೆ. ಘಟ್ಟ ದಾಟಿ ಪೂರ್ವ ಕರಾವಳಿಗೆ ಬರುವಾಗ ಗಾಳಿ ಒಣಗಿರುತ್ತದೆ. ಚೆನ್ನೈಗೆ ಆಗ ಸಿಗುವುದು ಸಂಜೆಯ ಗುಡುಗುಮಳೆ ಮಾತ್ರ. ಬೇಸಗೆಯಲ್ಲಿ ಊರನ್ನು ಕಾಯುವುದು ಮಧ್ಯಾಹ್ನದ ಹೊತ್ತಿಗೆ ಬೀಸುವ ಕಡಲ ಗಾಳಿ. ಪಡುವಣ ಗಾಳಿ ಜೋರಾಗಿ ಕಡಲ ಗಾಳಿಯನ್ನು ತಡೆದ ದಿನ ಊರು ಕಾದ ಕಾವಲಿಯಾಗುತ್ತದೆ. 2003ರ ಮೇ 31ರಂದು ಅಲ್ಲಿ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು.

ಅಕ್ಟೋಬರ್ ಬಂದಾಗ ಚಿತ್ರ ಬದಲಾಗುತ್ತದೆ. ಸೂರ್ಯ ದಕ್ಷಿಣಕ್ಕೆ ಸರಿದಂತೆ ಏಷ್ಯಾದ ಉತ್ತರ ಭಾಗದ ನೆಲ ಬೇಗ ತಣಿಯುತ್ತದೆ, ಕಡಲು ಮಾತ್ರ ಬೆಚ್ಚಗೇ ಇರುತ್ತದೆ. ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಹೊರಟಾಗ ಅದು ಒಣಗಾಳಿ. ಬಂಗಾಳ ಕೊಲ್ಲಿಯ ಮೇಲೆ ಹಾದು ಬರುವಾಗ ತೇವ ತುಂಬಿಕೊಳ್ಳುತ್ತದೆ. ಚೆನ್ನೈನ ವರ್ಷದ ಮಳೆ ಸುಮಾರು 1,400 ಮಿ.ಮೀ. ಅದರಲ್ಲಿ ಶೇಕಡಾ 60ರಷ್ಟು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರೇ ತಿಂಗಳಲ್ಲಿ ಬೀಳುತ್ತದೆ.

ಅಂದರೆ ಚೆನ್ನೈಗೆ ಬೆಂಗಳೂರಿಗಿಂತ ಹೆಚ್ಚು ಮಳೆ. ತೊಂದರೆಯಿರುವುದು ಅದು ಬರುವ ರೀತಿಯಲ್ಲಿ. ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಎರಡು ಮೂರು ಸಲ ಚೆನ್ನೈನತ್ತ ತಿರುಗಿದರೆ ಪ್ರವಾಹ. ಅವು ಆಂಧ್ರ, ಒಡಿಶಾದತ್ತ ಹೋದರೆ ಬರ. 2018ರ ಈಶಾನ್ಯ ಮಾರುತ ಕೈಕೊಟ್ಟಿತು, ಮರುವರ್ಷ ನೀರಿನ ರೈಲು ಓಡಿತು.

ಇದು ಹೊಸದೂ ಅಲ್ಲ. ಮದ್ರಾಸಿನ ವೀಕ್ಷಣಾಲಯ ಸ್ಥಾಪನೆಯಾದದ್ದು 1792ರಲ್ಲಿ. ಅಲ್ಲಿ 1813ರಿಂದಲೂ ಮಳೆಯ ದಾಖಲೆಗಳಿವೆ. 2015ರ ನವೆಂಬರ್ ಒಂದೇ ತಿಂಗಳಲ್ಲಿ 1,000 ಮಿ.ಮೀ.ಗೂ ಹೆಚ್ಚು ಮಳೆಯಾಯಿತೆಂದು ಜನ ಬೆರಗಾದರು. 1918ರ ನವೆಂಬರ್‌ನಲ್ಲೂ ಅಷ್ಟೇ ಮಳೆ ಬಿದ್ದಿತ್ತು. ಆ ಮಳೆಗೆ ಮತ್ತು ಈ ಮಳೆಗೆ ನಡುವೆ ಬಹಳ ಬದಲಾದದ್ದು ಕೆಳಗಿನ ನೆಲ.

ಸರಪಳಿ ಎಳೆದ ಬಯಲು

ಈ ನೆಲ ಎಷ್ಟು ಸಮತಟ್ಟು ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಮೊದಲ ಆಧಾರರೇಖೆಯನ್ನು ಎಳೆದದ್ದು ಇಲ್ಲೇ. ತಮಿಳರು ಪರಂಗಿಮಲೆ ಎನ್ನುವ ಸೇಂಟ್ ಥಾಮಸ್ ಬೆಟ್ಟದ ಬಳಿಯಿಂದ ದಕ್ಷಿಣದ ಪೆರುಂಬಾಕ್ಕಂವರೆಗೆ, ಸುಮಾರು 12 ಕಿ.ಮೀ. ಉದ್ದಕ್ಕೆ, 100 ಅಡಿಯ ಉಕ್ಕಿನ ಸರಪಳಿಯನ್ನು ಮತ್ತೆ ಮತ್ತೆ ಎಳೆದು ಅಳೆದರು. ಅಂಥ ಕೆಲಸಕ್ಕೆ ಏರುತಗ್ಗಿಲ್ಲದ ಬಯಲೇ ಬೇಕು. ಅಲ್ಲಿಂದ ಹೊರಟ ತ್ರಿಕೋನಗಳು ಬೆಂಗಳೂರನ್ನು ಹಾದು ಮಂಗಳೂರಿನ ಕಡಲವರೆಗೆ ಬಂದವು.

ಅಳೆಯುವವನಿಗೆ ವರವಾದ ಬಯಲು ಹರಿಯುವ ನೀರಿಗೆ ಶಾಪ. ಚೆನ್ನೈನ ಬಹುಭಾಗ ಸಮುದ್ರ ಮಟ್ಟದಿಂದ ಹತ್ತು ಮೀಟರ್ ಎತ್ತರವನ್ನೂ ಮುಟ್ಟುವುದಿಲ್ಲ. ಕೊಸಸ್ತಲೈಯಾರು, ಕೂವಂ, ಅಡೆಯಾರು ಈ ಮೂರು ನದಿಗಳಿಗೂ ಇಳಿಜಾರು ಸಾಲದು. ವರ್ಷದ ಬಹುಕಾಲ ಅವುಗಳಲ್ಲಿ ಮಳೆನೀರಿನ ಸೆಳೆತವಿಲ್ಲ. ಅಲೆಗಳು ಕರಾವಳಿಯುದ್ದಕ್ಕೂ ಮರಳನ್ನು ಉತ್ತರಕ್ಕೆ ತಳ್ಳುತ್ತ ಕೂವಂ, ಅಡೆಯಾರುಗಳ ಅಳಿವೆ ಬಾಯಿಗೆ ದಿಬ್ಬ ಕಟ್ಟುತ್ತವೆ. ಚಂಡಮಾರುತದ ದಿನ ಕಡಲೂ ಉಬ್ಬಿ ನಿಂತರೆ ನದಿ ಎಲ್ಲಿಗೆ ಹೋಗಬೇಕು? ಬಂದ ದಾರಿಯಲ್ಲೇ ಊರೊಳಗೆ ಹರಡಿಕೊಳ್ಳುತ್ತದೆ.

ಈ ಮರಳಿನ ಪಯಣಕ್ಕೆ ಮನುಷ್ಯ ಅಡ್ಡ ಹಾಕಿದ ಕಥೆಯೂ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆಗಳು ಕಡಲಿಗೆ ಚಾಚಿದಾಗ ಮರಳು ದಕ್ಷಿಣದ ಮಗ್ಗುಲಲ್ಲಿ ತಡೆದು ನಿಂತಿತು. ಪ್ರವಾಸಿಗರು ಮೆಚ್ಚುವ ಮರೀನಾ ಬೀಚು ಇಷ್ಟು ಅಗಲವಾದದ್ದು ಹಾಗೆ. ಉತ್ತರದ ರಾಯಪುರಂ ಕಡೆಗೆ ಮರಳು ಬರುವುದು ನಿಂತು ಕಡಲು ದಂಡೆಯನ್ನೇ ಕೊರೆಯಿತು. ಮೀನುಗಾರರ ಕೇರಿಗಳನ್ನು ಉಳಿಸಲು ಅಲ್ಲಿ ಬಂಡೆಗಳ ಗೋಡೆ ಹಾಕಬೇಕಾಯಿತು.

ಮರಳು, ಜೇಡಿ, ಕಲ್ಲು

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ತಲೆಕೆಳಗು ಹಿಡಿಯಿರಿ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಜೇಡಿಮಣ್ಣು ತುಂಬಿ. ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ಯಿರಿ. ಮರಳಿನಲ್ಲಿ ನೀರು ಸರಸರನೆ ಇಳಿಯುತ್ತದೆ. ಜೇಡಿಯ ಮೇಲೆ ಕೊಳವಾಗಿ ನಿಲ್ಲುತ್ತದೆ.

ಚೆನ್ನೈನ ಭೂವಿವರ ಈ ಬಾಟಲಿಗಳಲ್ಲೇ ಇದೆ. ಕಡಲಂಚಿನ ತಿರುವಾನ್ಮಿಯೂರು, ಅಡೆಯಾರು, ಸಾಂತೋಮ್ ನಿಂತಿರುವುದು ಮರಳಿನ ಮೇಲೆ. ಟಿ. ನಗರ, ಅಣ್ಣಾನಗರ, ಪೆರಂಬೂರುಗಳಲ್ಲಿ ನದಿಗಳು ತಂದು ಹಾಸಿದ ಜೇಡಿ. ಗಿಂಡಿ, ವೇಳಚೇರಿಗಳ ಅಡಿಯಲ್ಲಿ ಗಟ್ಟಿ ಬಂಡೆ. ಬಂಡೆಯಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ.

ಆ ಬಂಡೆಯ ಹೆಸರು ಚಾರ್ನೊಕೈಟ್. ಅದರ ಹಿಂದೆ ಒಂದು ಸ್ವಾರಸ್ಯವಿದೆ. ಕೋಲ್ಕತ್ತದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಸಮಾಧಿಗೆ ಹಾಕಿದ ಕಲ್ಲು ಮದ್ರಾಸಿನ ಈ ಕಡೆಯದು. 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಶಿಲೆಗೆ ಅವನ ಹೆಸರನ್ನೇ ಇಟ್ಟರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಅಂಥ ಕಲ್ಲು ಸಿಕ್ಕರೂ ಅದು ಚಾರ್ನೊಕೈಟ್.

ಮರಳಿನಡಿಯ ಸಿಹಿನೀರಿನದು ಇನ್ನೂ ಸೂಕ್ಷ್ಮ ಸಂಗತಿ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಆದ್ದರಿಂದ ಕಡಲಂಚಿನಲ್ಲಿ ನೆಲದೊಳಗಿನ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟದಿಂದ ಮೇಲೆ ಒಂದು ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್‌ವರೆಗೆ ಅದೇ ಇರುತ್ತದೆ ಎಂಬುದು ಲೆಕ್ಕ. ಈ ಲೆಕ್ಕ ತಿರುಗುಮುರುಗಾದರೆ ಗಂಡಾಂತರ. ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಕಾಲಕ್ರಮೇಣ 40 ಮೀಟರ್ ಮೇಲೇರಬಹುದು. ನಗರದ ಉತ್ತರಕ್ಕಿರುವ ಮೀಂಜೂರಿನಲ್ಲಿ ಆದದ್ದು ಇಂಥದೇ. ಊರಿಗೂ ಕಾರ್ಖಾನೆಗಳಿಗೂ ಗದ್ದೆಗಳಿಗೂ ದಶಕಗಳ ಕಾಲ ನೀರೆತ್ತಿದ ಮೇಲೆ ಉಪ್ಪುನೀರು ಕರಾವಳಿಯಿಂದ ಹಲವು ಕಿ.ಮೀ. ಒಳಕ್ಕೆ ಬಂತು. ಒಮ್ಮೆ ಉಪ್ಪಾದ ಬಾವಿ ಒಂದೆರಡು ಮಳೆಗಾಲಕ್ಕೆ ಸಿಹಿಯಾಗುವುದಿಲ್ಲ.

ಕೆರೆಯೇ ಏರಿ

ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಕಟ್ಟೆಯೂ ಕೆರೆಯೂ ಒಂದೇ ಮಾತಿನಲ್ಲಿ ಬೆರೆತದ್ದು ಆ ನಾಡಿನ ಹಿರಿಯರ ವಿವೇಕವನ್ನು ಹೇಳುತ್ತದೆ. ಮೂರು ತಿಂಗಳಲ್ಲಿ ಸುರಿದದ್ದನ್ನು ಹನ್ನೆರಡು ತಿಂಗಳು ಉಣ್ಣಬೇಕಾದರೆ ನಿಲ್ಲಿಸಿಕೊಳ್ಳಲೇಬೇಕು. ಕೋಲಾರದ ಸರಣಿ ಕೆರೆಗಳಂತೆ ಚೆಂಗಲ್ಪಟ್ಟು ಸೀಮೆಯಲ್ಲೂ ಒಂದು ತುಂಬಿದರೆ ಇನ್ನೊಂದಕ್ಕೆ ಕೋಡಿ ಹರಿಯುವ ಕೆರೆಗಳಿದ್ದವು.

ಊರು ಬೆಳೆದಂತೆ ಅವು ಒಂದೊಂದಾಗಿ ಹೋದವು. 1920ರ ದಶಕದಲ್ಲಿ ಉದ್ದನೆಯ ಕೆರೆಯೊಂದನ್ನು ಬರಿದು ಮಾಡಿ ಟಿ. ನಗರ ಬಡಾವಣೆ ಕಟ್ಟಿದರು. ನುಂಗಂಬಾಕ್ಕಂ ಕೆರೆಯ ಅಂಗಳದಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಕಟ್ಟಿದ ಬೆಂಗಳೂರಿಗೆ ಈ ಕಥೆ ಹೊಸದಲ್ಲ. ದಕ್ಷಿಣದ ಪಳ್ಳಿಕರಣೈ ಜೌಗು ಪ್ರದೇಶ 1960ರ ದಶಕದಲ್ಲಿ ಸುಮಾರು 50 ಚದರ ಕಿ.ಮೀ. ಹರಡಿತ್ತು. ಸುತ್ತಲಿನ ಕೆರೆಗಳ ಕೋಡಿ ನೀರೆಲ್ಲ ಅಲ್ಲಿ ತಂಗಿ, ನಿಧಾನವಾಗಿ ಕಡಲು ಸೇರುತ್ತಿತ್ತು. ಅದರ ಬಹುಪಾಲನ್ನು ಕಟ್ಟಡಗಳು, ರಸ್ತೆಗಳು, ನಗರದ ಕಸದ ರಾಶಿ ನುಂಗಿದವು. ಉಳಿದದ್ದಕ್ಕೆ 2022ರಲ್ಲಿ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು. ಲ್ಯಾಂಬ್ಟನ್ನನ ಸರಪಳಿ ಕೊನೆಗೊಂಡ ಪೆರುಂಬಾಕ್ಕಂ ಇದರ ಪಕ್ಕದಲ್ಲೇ ಇದೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಪಳ್ಳಿಕರಣೈ, ವೇಳಚೇರಿಗಳ ಬೀದಿಗಳಲ್ಲಿ ಮತ್ತೆ ದೋಣಿ ಓಡಿದವು.

ಹತ್ತಿರದ ಕೆರೆ ಹೋದಂತೆ ದೂರದ ನದಿ ಬೇಕಾಯಿತು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಲಾ 5 ಟಿ.ಎಂ.ಸಿ. ಬಿಟ್ಟುಕೊಡಲು ಒಪ್ಪಿದ ಕೃಷ್ಣೆಯ ನೀರು 1996ರಲ್ಲಿ ತಮಿಳುನಾಡನ್ನು ಮುಟ್ಟಿತು. ಕಾವೇರಿಯ ನೀರು ತುಂಬುವ ವೀರಾಣಂ ಕೆರೆಯಿಂದ 2004ರಲ್ಲಿ ಕೊಳವೆ ಬಂತು. 2010ರಲ್ಲಿ ಮೀಂಜೂರಿನಲ್ಲೇ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಆರಂಭವಾಯಿತು.

ತಾರಸಿಯ ಲೆಕ್ಕ

ಇವೆಲ್ಲಕ್ಕಿಂತ ಅಗ್ಗದ ದಾರಿಯೊಂದನ್ನೂ ತಮಿಳುನಾಡು ತೋರಿಸಿತು. 2003ರಲ್ಲಿ ರಾಜ್ಯದ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಮರಳಿನ ನೆಲದಲ್ಲಿ ಒಂದು ಇಂಗುಗುಂಡಿ ಸಾಕು. ಜೇಡಿಯಿರುವಲ್ಲಿ ಅದನ್ನು ತೂತಿಸಿ ಕೆಳಗಿನ ಮರಳಿನ ಪದರಕ್ಕೆ ನೀರಿಳಿಸಬೇಕು. ಬಂಡೆಯಿದ್ದಲ್ಲಿ ತೊಟ್ಟಿಯೇ ಲೇಸು. ನೆಲ ತಿಳಿಯದೆ ಎಲ್ಲೆಡೆ ಒಂದೇ ಬಗೆಯ ಗುಂಡಿ ತೋಡಿದರೆ ಕಾಗದದ ಮೇಲೆ ಕಾನೂನು ಪಾಲನೆಯಾಗುತ್ತದೆ, ಬಾವಿ ತುಂಬುವುದಿಲ್ಲ.

ಓದಿಗೋ ಉದ್ಯೋಗಕ್ಕೋ ಚೆನ್ನೈಗೆ ಹೋಗುವ ಕನ್ನಡದ ಮಕ್ಕಳು ಕಡಿಮೆಯಿಲ್ಲ. ಮನೆ ಹುಡುಕುವ ತಂದೆತಾಯಿಗಳು ಬಾಡಿಗೆ, ಬಸ್ಸು, ಮೆಸ್ಸು ವಿಚಾರಿಸುವ ಜೊತೆಗೆ ಇನ್ನೆರಡು ಪ್ರಶ್ನೆ ಕೇಳುವುದು ಒಳ್ಳೆಯದು: 2015ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? 2019ರಲ್ಲಿ ಬಾವಿಯಲ್ಲಿ ನೀರಿತ್ತೇ? ಅಲ್ಲಿನ ಹಳಬರಿಗೆ ಎರಡರ ಉತ್ತರವೂ ಗೊತ್ತಿರುತ್ತದೆ.

ಕೊನೆಗೆ ವಿದ್ಯಾರ್ಥಿಗಳಿಗೊಂದು ಲೆಕ್ಕ. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 1,400 ಮಿ.ಮೀ. ಮಳೆ ಬಿದ್ದರೆ ಎಷ್ಟು ನೀರು? 1,40,000 ಲೀಟರ್. ದಿನಕ್ಕೆ 500 ಲೀಟರ್ ಬಳಸುವ ಸಂಸಾರಕ್ಕೆ ಅದು 280 ದಿನದ ನೀರು. ಜೋಲಾರಪೇಟೆಯಿಂದ ಬಂದ ರೈಲಿನಲ್ಲಿದ್ದ 25 ಲಕ್ಷ ಲೀಟರನ್ನು ಇದರಿಂದ ಭಾಗಿಸಿ ನೋಡಿ. ಅಷ್ಟು ದೂರದಿಂದ ಅದು ಹೊತ್ತು ತಂದದ್ದು ಸುಮಾರು 18 ತಾರಸಿಗಳ ಮೇಲೆ ಒಂದು ವರ್ಷ ಬಿದ್ದು, ಮೋರಿ ಸೇರಿ, ಕಡಲಿಗೆ ಹರಿದು ಹೋಗುವಷ್ಟು ನೀರು.