ವಿಸಿಟ್ ವೀಸಾದಲ್ಲಿ ದುಡಿಯಲು ಹೋದರೆ ಕಳೆದುಕೊಳ್ಳುವುದೇನು?

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದಿಂದ ಕಾರ್ಮಿಕರು ಬರುತ್ತಾರೆ. ಅದೇ ಊರಿನ ಹುಡುಗರು ಕೊಯಮತ್ತೂರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿ, ಅಲ್ಲಿಂದಲೇ ಶಾರ್ಜಾ ವಿಮಾನ ಹತ್ತುತ್ತಾರೆ. ನಮ್ಮ ಕರಾವಳಿಗೂ ಇದು ಹೊಸತಲ್ಲ. "ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಚೇಂಜ್ ಮಾಡಿಸುವ" ಎನ್ನುವ ಏಜೆಂಟರಿಗಂತೂ ಎಲ್ಲೂ ಬರವಿಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್. ಅವರು ಸೌದಿ, ಯುಎಇ, ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಡಿ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ಇದು ಬರೀ ಕಿರಿಕಿರಿ ಅಂದುಕೊಳ್ಳುವವರೇ ಹೆಚ್ಚು. ಆದರೆ ಸಂಬಳ ಬರೆದ ಕರಾರುಪತ್ರ, 10 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುವುದು ಈ ದಾರಿಯಲ್ಲೇ. ವಿಸಿಟ್‌ನಲ್ಲಿ ಹೋದವನು ಕಾಗದದ ಮೇಲೆ ಪ್ರವಾಸಿ. ಸಂಬಳ ನಿಂತರೆ ಯಾವ ಕಾಗದ ತೋರಿಸುತ್ತಾನೆ?

ಓದಿದವರೂ ಸುರಕ್ಷಿತರಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿ ಹೋಗಿ, ಮ್ಯಾನ್ಮಾರಿನ ಆನ್‌ಲೈನ್ ವಂಚನೆ ಅಡ್ಡೆಗಳಲ್ಲಿ ಸಿಕ್ಕಿಬಿದ್ದ ತಮಿಳುನಾಡಿನ 13 ಮಂದಿ ಮರಳಿದ್ದು 2022ರ ಅಕ್ಟೋಬರ್‌ನಲ್ಲಿ.

ಏಜೆಂಟರು ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಲಕ್ಷ ಕೇಳಿದರೆ ಮೊದಲು ಲೈಸೆನ್ಸ್ ನಂಬರ್ ಕೇಳಿ, ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ಮೊಬೈಲಿನಲ್ಲೇ ಆಗುತ್ತದೆ.