ಅಮ್ಮನಿಗೆ ಎಂತ ಕಾಯಿಲೆ ಅಂತ ನಮ್ಮ ಭಾಷೆಯಲ್ಲಿ ಹೇಳಿ!

ಕಾಸರಗೋಡಿನ ಕನ್ನಡ ಬಂಧುಗಳೇ,

'ಸಾಂತ್ವನ' ಅಂದರೆ ನಮಗೆ ಎಂತ ಅರ್ಥ? ಸಾವಿನ ಮನೆಗೆ ಹೋಗಿ ಹೇಳುವ ಮಾತು. ಮಲಯಾಳದಲ್ಲಿ 'ಸಾಂತ್ವನ ಚಿಕಿತ್ಸೆ' ಅಂದರೆ ಪ್ಯಾಲಿಯೇಟಿವ್ ಕೇರ್. ನೋವು, ವಾಂತಿ, ಉಸಿರಾಟದ ಕಷ್ಟ ಕಡಿಮೆ ಮಾಡುವ ನಿಜವಾದ ವೈದ್ಯ. ಕ್ಯಾನ್ಸರ್ ಹರಡಿದ ಅಮ್ಮನ ಚೀಟಿಯಲ್ಲಿ ಈ ಪದ ಕಂಡ ಕನ್ನಡದ ಮಗ ಎಂತ ತಿಳಿದುಕೊಳ್ಳಬೇಕು? 'ಮದ್ದು ಮುಗೀತು, ಮನೆಗೆ ಕರ್ಕೊಂಡು ಹೋಗಿ' ಅಂತಲೇ ಅಲ್ವಾ?

4ನೇ ಹಂತ ಅಂದರೆ ರೋಗ ಹುಟ್ಟಿದ ಜಾಗ ಬಿಟ್ಟು ದೂರದ ಅಂಗಕ್ಕೆ ಹರಡಿದೆ ಎಂದು. ಸ್ತನದಿಂದ ಲಿವರಿಗೆ ಹೋದರೂ ಅದು ಸ್ತನ ಕ್ಯಾನ್ಸರೇ, ಮದ್ದೂ ಅದರದ್ದೇ. ಈ ಹಂತದಲ್ಲಿ ಪೂರ್ತಿ ಗುಣವಾಗುವುದು ಅಪರೂಪ. ಹಾಗಾಗಿ ಕೀಮೋ ಕೊಡುವುದು ಹೆಚ್ಚಾಗಿ ರೋಗವನ್ನು ಹಿಡಿತದಲ್ಲಿಡಲು, ದಿನಗಳನ್ನು ಹೆಚ್ಚಿಸಲು, ನೋವು ತಗ್ಗಿಸಲು. ಪ್ಯಾಲಿಯೇಟಿವ್ ಆರೈಕೆ ಕೀಮೋ ಜೊತೆಗೇ ನಡೆಯಬಹುದು.

ಇಷ್ಟನ್ನು ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕು. ಹೇಳದಿದ್ದರೆ ಎಂತಾಗ್ತದೆ? ಒಬ್ಬರು 'ಗುಣ ಆಗ್ತದೆ' ಅಂತ ನಂಬಿ ತೋಟ ಅಡವಿಡುತ್ತಾರೆ. ಇನ್ನೊಬ್ಬರು ಆಸೆ ಬಿಟ್ಟು, ಮಾರ್ಫಿನ್‌ನಿಂದ ತಗ್ಗಿಸಬಹುದಾದ ನೋವಿನಲ್ಲೇ ಅಮ್ಮನನ್ನು ಮಲಗಿಸುತ್ತಾರೆ.

'ನಿಮಗೆಲ್ಲ ಮಲಯಾಳ ಬರ್ತದಲ್ಲಾ' ಅನ್ನುವವರಿದ್ದಾರೆ. ಹೌದು, ಬಸ್ಸಿಗೆ, ಮೀನು ಪೇಟೆಗೆ ಸಾಕಾಗುವಷ್ಟು ಬರ್ತದೆ. ಹೆತ್ತವಳಿಗೆ ಉಳಿದಿರುವ ದಿನಗಳ ಲೆಕ್ಕ ಕೇಳಲು, ಅರ್ಥವಾಗದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅದು ಸಾಲದು. ಕೊನೆಗೆ ಮನೆಯ ಕಾಲೇಜು ಹುಡುಗಿಯೇ ದುಭಾಷಿ! ಅಜ್ಜಿಗೆ ಸಾವು ಹತ್ತಿರ ಅನ್ನುವುದನ್ನು ಆ ಮಗು ಬಾಯಿಬಿಟ್ಟು ಹೇಳಬೇಕಾ?

ನಾವು ಭಿಕ್ಷೆ ಕೇಳುತ್ತಿಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲೇ ರೋಗದ ಮಾಹಿತಿ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಪತ್ರಕ್ಕೆ ಕನ್ನಡ ಸಲ್ಲುತ್ತದೆ, ಪ್ರಾಣಕ್ಕೆ ಸಲ್ಲುವುದಿಲ್ಲವೇ?

2008ರಲ್ಲೇ ಪ್ಯಾಲಿಯೇಟಿವ್ ಆರೈಕೆ ನೀತಿ ತಂದ ರಾಜ್ಯ ಕೇರಳ. ಪಂಚಾಯತಿನ ನರ್ಸ್ ರೋಗಿಯ ಮನೆ ಬಾಗಿಲಿಗೇ ಬರುತ್ತಾರೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಮೆಚ್ಚುವುದರಿಂದಲೇ ಕೇಳುತ್ತೇವೆ: ಬಾಗಿಲ ತನಕ ಬಂದ ಆರೈಕೆ ಭಾಷೆಯ ಹೊಸ್ತಿಲಲ್ಲಿ ಯಾಕೆ ನಿಲ್ಲಬೇಕು?

ನಮ್ಮ ಬೇಡಿಕೆ ಮೂರೇ: ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಕ್ಯಾನ್ಸರ್ ವಿಭಾಗದಲ್ಲಿ ಕನ್ನಡ, ತುಳು ಬಲ್ಲ ಒಬ್ಬರಿರಲಿ. ಮನೆಗೆ ಬರುವ ನರ್ಸ್‌ಗೆ ಕನ್ನಡದ ಕೈಪಿಡಿ ಕೊಡಿ.

ಅಲ್ಲಿಯ ತನಕ, ಬಂಧುಗಳೇ, ಈ ನಾಲ್ಕು ಪ್ರಶ್ನೆ ಕೇಳದೆ ಸಹಿ ಹಾಕಬೇಡಿ: ರೋಗ ಎಲ್ಲಿಗೆಲ್ಲ ಹರಡಿದೆ? ಈ ಚಿಕಿತ್ಸೆ ಗುಣಪಡಿಸಲಿಕ್ಕಾ, ಹಿಡಿತದಲ್ಲಿಡಲಿಕ್ಕಾ? ಇದರಿಂದ ಬರುವ ತೊಂದರೆ ಏನು? ಮಾಡದಿದ್ದರೆ ಏನಾಗುತ್ತದೆ? ಕನ್ನಡದಲ್ಲೇ ಕೇಳಿ. ಅರ್ಥವಾಗುವ ತನಕ ಕುರ್ಚಿಯಿಂದ ಏಳಬೇಡಿ.